ಎಳೆ

ಜಂಗಮಕೋಟೆ ಕ್ರಾಸಿನಲ್ಲಿ ಬಸ್ಸು ನಮ್ಮನ್ನು ಇಳಿಸಿದಾಗ
ಮೂವರ ಕೋಟಿನಲ್ಲೂ ಇಸ್ತ್ರಿಯ ಗೆರೆ ಮುರಿದಿರಲಿಲ್ಲ.
ಬೀದರಿನ ಶಿವಲೀಲಾ, ಬೈಂದೂರಿನ ನಾನು,
ಸ್ಟೆತಾಸ್ಕೋಪನ್ನು ಹಾರದಂತೆ ಹಾಕಿಕೊಂಡ ವರದರಾಜ.
ಡಾಕ್ಟರ್ ಬೈರಾರೆಡ್ಡಿ ಒಮ್ಮೆ ನೋಡಿ ಹೇಳಿದ್ದು ಇಷ್ಟೆ:
"ಕೋಟು ಮೊಳೆಗೆ ನೇತುಹಾಕಿ. ಬಿಳಿ ಕಂಡರೆ ಮಕ್ಕಳು ಅಳ್ತವೆ."

ಕ್ಲಿನಿಕ್ಕು ಎಂದರೆ ಒಂದು ಕೋಣೆ, ಅರ್ಧ ಪರದೆ,
ಹಿಂದೆ ಗೊಬ್ಬರದ ಗೋಡೌನು, ಪಕ್ಕ ಪಂಕ್ಚರ್ ಅಂಗಡಿ.
ಔಷಧಿಗಿಂತ ಮೊದಲು ಮೂಗಿಗೆ ಬರುವುದು
ರಸ್ತೆಯಾಚೆ ಬೇಯುವ ಗೂಡಿನದು, ಸತ್ತ ಹುಳದ್ದು.
ಕಂಪೌಂಡರ್ ಪಿಳ್ಳಪ್ಪ ಅಂದ, "ಮೂರು ದಿನ ಅಷ್ಟೆ.
ಆಮೇಲೆ ನಿಮ್ಮಿಂದಲೇ ಬರುತ್ತೆ."

ಮೊದಲ ವಾರ ಕಲಿತದ್ದು ಒಂದೇ ಶಬ್ದ, ನೊಪ್ಪಿ.
ನೊಪ್ಪಿ ಎಕ್ಕಡ, ಡಾಕ್ಟರು ಕೇಳುತ್ತಾರೆ.
ಮುದುಕಿ ಇಡೀ ಮೈಮೇಲೆ ಕೈಯಾಡಿಸಿಕೊಂಡು
ಕೊನೆಗೆ ಬಾಗಿಲಾಚೆ, ಊರಿನ ಕಡೆ ತೋರಿಸುತ್ತಾಳೆ.
ನಮ್ಮ ಪುಸ್ತಕದಲ್ಲಿ ಆ ಅಂಗ ಇರಲಿಲ್ಲ.

ಖುತೇಜಾ ಬಿ ಬರುವುದು ಮಂಗಳವಾರ, ದಮ್ಮಿಗೆ.
ಮೂವತ್ತು ವರ್ಷ ಕುದಿನೀರಿನ ಮುಂದೆ ಕೂತು
ನೂಲು ಬಿಚ್ಚಿದವಳು.
ವರದರಾಜ ಅವಳ ಬೆರಳಿಗೆ ಆಕ್ಸಿಮೀಟರ್ ಕಚ್ಚಿಸಿದ.
ಎರಡು ಗೆರೆ. ಮತ್ತೆ ಎರಡು ಗೆರೆ. ಅಂಕಿ ಬರಲಿಲ್ಲ.
ಬೇರೆ ಬೆರಳು, ಬೇರೆ ಕೈ, ಸೆಲ್ಲು ಬದಲಿಸಿದ.
"ಬಿಡಪ್ಪ," ಅಂದಳು, ಬೆಳ್ಳಗೆ ನೆನೆದ ಬೆರಳು ಹಿಂದಕ್ಕೆಳೆದು,
"ರೇಷನ್ ಅಂಗಡಿ ಮಿಷನ್ನೂ ನನ್ನ ಇಲ್ಲ ಅಂತದೆ."
ಡಾಕ್ಟರು ಅದನ್ನೇ ಕಿವಿಯ ತುದಿಗೆ ಸಿಕ್ಕಿಸಿದರು. ತೊಂಬತ್ತೊಂದು.
ಇದನ್ನು ಯಾರೂ ನಮಗೆ ಹೇಳಿರಲಿಲ್ಲ,
ಅಥವಾ ಹೇಳಿದ ದಿನ ನಾನು ಕ್ಯಾಂಟೀನಿನಲ್ಲಿದ್ದೆ.

ಅಷ್ಟರಲ್ಲಿ ಆ ಮಗು.
ಸೊಪ್ಪು ಕೊಯ್ಯಲು ಬಂದ ಮದನಪಲ್ಲಿ ಕಡೆಯವಳದು.
ರಾತ್ರಿಯಿಂದ ವಾಂತಿ ಭೇದಿ, ಕಣ್ಣು ಗುಳಿ,
ಹೊಟ್ಟೆಯ ಚರ್ಮ ಚಿವುಟಿದರೆ ಚಿವುಟಿದಂತೆಯೇ ನಿಲ್ಲುತ್ತದೆ.
ಪರದೆಯಾಚೆ ಯಾರದೋ ಹಣೆಗೆ ಹೊಲಿಗೆ ಹಾಕುತ್ತ
ಡಾಕ್ಟರು ತಿರುಗಿ ನೋಡದೆ ನನಗೆ ಅಂದರು, "ನೀನು ಹಾಕು."

ಎಡಗೈ ಚುಚ್ಚಿದೆ. ಬಲಗೈ ಚುಚ್ಚಿದೆ.
ನರ ಎಲ್ಲೋ ಒಳಗೆ ಮಡಚಿಕೊಂಡು ಕೂತಿತ್ತು.
ಮಗು ಅಳುವುದನ್ನೂ ಬಿಟ್ಟಿತು.
ತಾಯಿ ನೋಡುತ್ತಿದ್ದದ್ದು ಮಗುವನ್ನಲ್ಲ, ನನ್ನ ಕೈಯನ್ನು.

ಬೆಂಚಿನಿಂದ ಖುತೇಜಾ ಬಿ ಎದ್ದದ್ದು ಕಾಣಲಿಲ್ಲ,
ಉಸಿರಿನ ಸಿಳ್ಳೆ ಮೊದಲು ಕೇಳಿತು.
ಮಗುವಿನ ಕಾಲ ಮೇಲೆ ಒಂದು ಬೆರಳು,
ಒತ್ತಲಿಲ್ಲ, ತೇಲಿಸಿದಳು,
ಹಬೆಯೊಳಗೆ ಗೂಡಿನ ತುದಿ ಹುಡುಕುವ ಹಾಗೆ,
ಎಂಟು ಸೇರಿದರೂ ಕಂಡೂ ಕಾಣದ ನೂಲು,
ಅದರಲ್ಲಿ ಒಂದು ಎಳೆ.
ಒಳಗಿನ ಹರಡಿನ ಮುಂದೆ ಬೆರಳು ನಿಂತಿತು.
"ಇಲ್ಲೈತೆ. ಜಾರ್ತದೆ, ಪಕ್ಕದಿಂದ ಬಾ."

ಸೂಜಿಯ ಬಾಲದಲ್ಲಿ ಕೆಂಪು.
ಯಾರೂ ಏನೂ ಅನ್ನಲಿಲ್ಲ. ಪಿಳ್ಳಪ್ಪ ಟೇಪು ಹರಿದು ಕೊಟ್ಟ.
ಹನಿಗಳನ್ನು ಶಿವಲೀಲಾ ಬಾಯಲ್ಲೇ ಎಣಿಸಿದಳು.
ಬೆಂಚಿನಲ್ಲಿ ಅವಳ ಜಾಗಕ್ಕೆ ಬೇರೆ ಯಾರೋ ಕೂತಿದ್ದರು,
ಜರುಗಿಸಿ ಕೂತಳು, ಕೆಮ್ಮಿದಳು.

ಸಂಜೆ ನನ್ನ ಲಾಗ್‌ಬುಕ್ಕಿಗೆ ಸಹಿ ಹಾಕುವಾಗ
'ಮಾರ್ಗದರ್ಶನ' ಎಂಬ ಕಾಲಮ್ಮಿನ ಮುಂದೆ ಡಾಕ್ಟರ ಪೆನ್ನು ತಡೆಯಿತು.
"ಯಾರ ಹೆಸರು ಬರೀಲಿ?"
ಹೇಳಿದೆ. ನಕ್ಕು ತಮ್ಮ ಹೆಸರೇ ಬರೆದರು.
"ಕಾಲೇಜಿನವರು ಡಿಗ್ರಿ ಕೇಳ್ತಾರೆ ಕಣಮ್ಮ."

ಕೊನೆಯ ಬಸ್ಸು. ವರದರಾಜ ನಿದ್ದೆ ಹೋಗಿದ್ದ.
ಮಡಿಲಲ್ಲಿ ಮಡಚಿದ ಕೋಟು, ಪಿಳ್ಳಪ್ಪ ಹೇಳಿದ ವಾಸನೆ.
ಅದರ ಕೆಳಗೆ, ಯಾರಿಗೂ ಕಾಣದಂತೆ,
ನನ್ನದೇ ಮಣಿಕಟ್ಟಿನ ಮೇಲೆ ಬೆರಳು ತೇಲಿಸಿದೆ.
ಎಂಜಿನ್ನಿನ ನಡುಕ, ರಸ್ತೆಯ ಗುಂಡಿ, ಏನೂ ಸಿಗಲಿಲ್ಲ.
ಶಿಡ್ಲಘಟ್ಟ ದಾಟಿದ ಮೇಲೆ ಒಮ್ಮೆ ಸಿಕ್ಕಿತು,
ಜಾರಿತು.